112 ಗೆಲುವು, 4 ಸೋಲು: ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ನಡಾಲ್ ಅವರನ್ನು ಸೋಲಿಸಲು ಏನು ಬೇಕಿತ್ತು?

ಕೆಂಪುಧೂಳು (ಪ್ರಶ್ನೆ)

ರಫೆಲ್ ನಡಾಲ್ 2005ರಿಂದ 2024ರವರೆಗೆ ಫ್ರೆಂಚ್ ಓಪನ್‌ನಲ್ಲಿ (ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನ ಆವೆಮಣ್ಣಿನ ಅಂಗಳದಲ್ಲಿ ನಡೆಯುವ ಟೂರ್ನಿ) 116 ಪಂದ್ಯ ಆಡಿ 112 ಗೆದ್ದರು. 14 ಸಲ ಫೈನಲ್ ತಲುಪಿದರು, 14 ಸಲವೂ ಕಪ್ ಎತ್ತಿದರು. ಸೋಲು ನಾಲ್ಕೇ ನಾಲ್ಕು: 2009ರಲ್ಲಿ ರಾಬಿನ್ ಸೋಡರ್ಲಿಂಗ್, 2015 ಮತ್ತು 2021ರಲ್ಲಿ ನೊವಾಕ್ ಜೊಕೊವಿಚ್, 2024ರಲ್ಲಿ ಅಲೆಕ್ಸಾಂಡರ್ ಜ್ವೆರೆವ್ ಎದುರು. 2016ರಲ್ಲಿ ಮಣಿಕಟ್ಟಿನ ನೋವಿನಿಂದ ಮೂರನೇ ಸುತ್ತಿಗೆ ಮೊದಲೇ ಹಿಂದೆ ಸರಿದಿದ್ದರು, ಅದು ಸೋಲಿನ ಲೆಕ್ಕಕ್ಕೆ ಬರುವುದಿಲ್ಲ.

ಈ ದಾಖಲೆಯ ಬಗ್ಗೆ ಓದಿದಲ್ಲೆಲ್ಲ ಸಿಗುವುದು ಎರಡೇ ಕಾರಣ: ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ಸುತ್ತಿಸುವ ಹೊಡೆತ) ಮತ್ತು ಛಲ. ಟಾಪ್‌ಸ್ಪಿನ್ ಇವತ್ತು ಎಲ್ಲರೂ ಹೊಡೆಯುತ್ತಾರೆ. ಛಲ ಇಲ್ಲದವರು ಆ ಮಟ್ಟಕ್ಕೆ ಬರುವುದೇ ಇಲ್ಲ. ಹಾಗಾದರೆ ಆವೆಮಣ್ಣಿನ ಮೇಲೆ ಇವರ ಚೆಂಡು ನಿಜಕ್ಕೂ ಮಾಡುತ್ತಿದ್ದದ್ದೇನು? ಸೋಲಿಸಿದ ಆ ಮೂವರಲ್ಲಿ ಏನಾದರೂ ಸಾಮಾನ್ಯ ಅಂಶ ಇದೆಯೇ? ರ‍್ಯಾಕೆಟ್, ತಂತಿಗಳ ಪಾಲು ಎಷ್ಟು? ಮಕ್ಕಳಿಗೆ ತರಬೇತಿ ಕೊಡುವವರು ಇದರಲ್ಲಿ ಯಾವುದನ್ನು ತೆಗೆದುಕೊಳ್ಳಬಹುದು, ಯಾವುದನ್ನು ಬಿಡಬೇಕು? ಕೊನೆಯಲ್ಲಿ, ಇದನ್ನೆಲ್ಲ ಕಣ್ಣಾರೆ ನೋಡಲು ಯಾವ ಪಂದ್ಯಗಳನ್ನು ನೋಡಬೇಕು ಅಂತಲೂ ಹೇಳಿ.

ಎಡಗೈ ಅಂಗಳ

ಒಳ್ಳೆಯ ಪ್ರಶ್ನೆ. ಚೆಂಡಿನಿಂದಲೇ ಶುರು ಮಾಡೋಣ.

ಟೆನಿಸ್ ಹೊಡೆತಗಳ ವಿಶ್ಲೇಷಕ ಜಾನ್ ಯಾಂಡೆಲ್ ಹೈಸ್ಪೀಡ್ ಕ್ಯಾಮೆರಾ ಇಟ್ಟು ಆಟಗಾರರ ಫೋರ್‌ಹ್ಯಾಂಡ್ (ಆಡುವ ಕೈಯ ಬದಿಯ ಹೊಡೆತ) ಅಳೆದಿದ್ದರು. ನಡಾಲ್ ಹೊಡೆದ ಚೆಂಡು ಸರಾಸರಿ ನಿಮಿಷಕ್ಕೆ ಸುಮಾರು 3,200 ಸುತ್ತು ಸುತ್ತುತ್ತಿತ್ತು. ಗರಿಷ್ಠ 4,900ರ ಆಸುಪಾಸು. ಫೆಡರರ್ ಚೆಂಡು ಸುಮಾರು 2,700. ಅವರಿಗಿಂತ ಹಿಂದಿನ ಸ್ಯಾಂಪ್ರಾಸ್, ಅಗಾಸ್ಸಿ 1,800–1,900ರಲ್ಲಿದ್ದರು. ಹೀಗೆ ಮುಂದಕ್ಕೆ ಉರುಳುತ್ತಾ ಬರುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ನೆಟ್‌ಗಿಂತ ಒಂದು ಮೀಟರ್ ಮೇಲಿಂದ ಜೋರಾಗಿ ಹೊಡೆದರೂ ಚೆಂಡು ಬೇಸ್‌ಲೈನ್ (ಅಂಗಳದ ಹಿಂದಿನ ಗೆರೆ) ದಾಟುವುದಿಲ್ಲ, ಕೊನೆಯಲ್ಲಿ ತಟ್ಟನೆ ಇಳಿಯುತ್ತದೆ. ಕಡಿದಾಗಿ ಇಳಿದ ಚೆಂಡು ಅಷ್ಟೇ ಕಡಿದಾಗಿ ಏಳುತ್ತದೆ. ಆವೆಮಣ್ಣು ಚೆಂಡನ್ನು ಹಿಡಿದು ಅದರ ಮುಂದಿನ ವೇಗ ಕಡಿಮೆ ಮಾಡುವುದರಿಂದ ಪುಟಿತ ಇನ್ನೂ ಮೇಲಕ್ಕೆ ಹೋಗುತ್ತದೆ. ಬಿಸಿಲಿನ ದಿನ ಪ್ಯಾರಿಸ್‌ನಲ್ಲಿ ಎದುರಾಳಿ ಆ ಚೆಂಡನ್ನು ಹೊಡೆಯುತ್ತಿದ್ದುದು ಭುಜದ ಮೇಲೆ.

ಎರಡನೆಯದು ಎಡಗೈ. ಊಟಕ್ಕೆ, ಬರವಣಿಗೆಗೆ ನಡಾಲ್ ಬಲಗೈಯವರು, ರ‍್ಯಾಕೆಟ್ ಮಾತ್ರ ಎಡಗೈಯಲ್ಲಿ. ಎಡಗೈಯವರ ಕರ್ಣೀಯ ಫೋರ್‌ಹ್ಯಾಂಡ್ ನೇರ ಹೋಗುವುದು ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್‌ಗೆ, ಅಂದರೆ ಆಡುವ ಕೈಯ ಎದುರು ಬದಿಗೆ. ಅಂಗಳದ ಲೆಕ್ಕವೂ ಅವರ ಪರ. ಸಿಂಗಲ್ಸ್ ಅಂಗಳದ ಉದ್ದ 23.77 ಮೀಟರ್, ಅಗಲ 8.23. ಮೂಲೆಯಿಂದ ಮೂಲೆಗೆ ಅಳೆದರೆ 25.15 ಮೀಟರ್. ನೆಟ್ ಕಂಬದ ಬಳಿ 1.07 ಮೀಟರ್ ಇದ್ದರೆ ನಡುವೆ 0.914. ಅಂದರೆ ಅವರ ಅತ್ಯಂತ ಬಲವಾದ ಹೊಡೆತಕ್ಕೆ ಹೆಚ್ಚು ಜಾಗ, ತಗ್ಗಿನ ನೆಟ್, ಎದುರಾಳಿಯ ದುರ್ಬಲ ಬದಿ, ಮೂರೂ ಒಂದೇ ಗೆರೆಯಲ್ಲಿ ಸಿಗುತ್ತಿದ್ದವು. ಅಪಾಯ ಕಡಿಮೆ ಇರುವ ಹೊಡೆತವೇ ಹೆಚ್ಚು ನೋಯಿಸುವ ಹೊಡೆತವೂ ಆಗಿತ್ತು. ಟಾಪ್‌ಸ್ಪಿನ್ ಎಲ್ಲರೂ ಹೊಡೆಯುತ್ತಾರೆ ಅಂದಿರಲ್ಲ, ಇಷ್ಟು ಸುತ್ತು ಈ ಕೋನದಲ್ಲಿ ಗಂಟೆಗಟ್ಟಲೆ ಬರುತ್ತಿದ್ದುದು ಇವರೊಬ್ಬರಿಂದ.

ಒಂದು ಕೈ ಬ್ಯಾಕ್‌ಹ್ಯಾಂಡ್‌ಗೆ ಅನುಕೂಲವಾದ ಎತ್ತರ ಸೊಂಟ. ಭುಜದ ಮೇಲೆ ಬಂದಾಗ ಮೂರು ದಾರಿ ಉಳಿಯುತ್ತವೆ: ಹಿಂದೆ ಹೋಗಿ ಚೆಂಡು ಇಳಿಯುವವರೆಗೆ ಕಾಯುವುದು (ಆಗ ಅಂಗಳ ತೆರೆದುಕೊಳ್ಳುತ್ತದೆ), ಸ್ಲೈಸ್ ಮಾಡುವುದು, ಅಂದರೆ ಚೆಂಡನ್ನು ಕೊಯ್ದಂತೆ ಹೊಡೆಯುವುದು (ಮಣ್ಣಿನಲ್ಲಿ ಅದು ಕುಳಿತುಬಿಡುತ್ತದೆ, ನಡಾಲ್ ಓಡಿ ಬಂದು ಫೋರ್‌ಹ್ಯಾಂಡ್ ಹೊಡೆಯುತ್ತಾರೆ), ಇಲ್ಲವೇ ಏಳುವಾಗಲೇ ಹೊಡೆಯುವುದು (ಅಳತೆ ಕೂದಲೆಳೆ ತಪ್ಪಿದರೂ ಫ್ರೇಮ್‌ಗೆ ಬಡಿಯುತ್ತದೆ). ಫೆಡರರ್ ಈ ಅಂಗಳದಲ್ಲಿ ನಡಾಲ್ ಎದುರು ಆರು ಸಲ ಆಡಿ ಆರೂ ಸೋತದ್ದಕ್ಕೆ ಇದೇ ಮೂಲ. 2017ರ ಫೈನಲ್‌ನಲ್ಲಿ ವಾವ್ರಿಂಕಾ, 2018 ಮತ್ತು 2019ರಲ್ಲಿ ಥೀಮ್ ಕೂಡ ಒಂದು ಕೈ ಬ್ಯಾಕ್‌ಹ್ಯಾಂಡ್‌ನವರೇ. ಈ ಮೂರೂ ಫೈನಲ್ ಸೇರಿಸಿದರೆ ಅವರಿಗೆ ಸಿಕ್ಕಿದ್ದು ಒಂದೇ ಒಂದು ಸೆಟ್.

ಸರ್ವ್ ವಿಷಯ ಜನ ಮರೆಯುತ್ತಾರೆ. ನಡಾಲ್ ಸರ್ವ್ ವೇಗದ್ದಲ್ಲ, ಆದರೆ ಎಡ ಬದಿಯಿಂದ ಹೊರಕ್ಕೆ ತಿರುಗುವ ಸ್ಲೈಸ್ ಸರ್ವ್ ಬಲಗೈಯವನನ್ನು ಅಂಗಳದಿಂದಲೇ ಆಚೆ ಎಳೆಯುತ್ತದೆ. ಬ್ರೇಕ್ ಪಾಯಿಂಟ್‌ಗಳ (ಸರ್ವ್ ಮಾಡುವವರ ಗೇಮ್ ಗೆಲ್ಲಲು ಎದುರಾಳಿಗೆ ಒಂದೇ ಪಾಯಿಂಟ್ ಸಾಕಾದ ಹಂತ) ಲೆಕ್ಕ ಹಾಕಿ ನೋಡಿ: 0–40, 30–40, ಎದುರಾಳಿಯ ಅಡ್ವಾಂಟೇಜ್, ಈ ಮೂರರಲ್ಲೂ ಸರ್ವ್ ಎಡ ಬದಿಯಿಂದ. 15–40 ಒಂದೇ ಬಲ ಬದಿ. 2007ರ ಫೈನಲ್‌ನಲ್ಲಿ ಫೆಡರರ್‌ಗೆ 17 ಬ್ರೇಕ್ ಪಾಯಿಂಟ್ ಸಿಕ್ಕಿದ್ದವು. ಗೆದ್ದದ್ದು 1. ಒತ್ತಡಕ್ಕೆ ಕುಸಿದರು ಅಂತ ಬರೆದವರೇ ಹೆಚ್ಚು. ಹೆಚ್ಚಿನ ಸಲ ಬ್ಯಾಕ್‌ಹ್ಯಾಂಡ್ ಕಡೆ ಹೊರಕ್ಕೆ ಓಡುತ್ತಾ ರಿಟರ್ನ್ ಮಾಡಬೇಕಿತ್ತು ಎಂಬುದನ್ನು ಮೊದಲು ನೋಡಬೇಕು.

ತಂತಿ ಮತ್ತು ಫ್ರೇಮ್

ಸಲಕರಣೆಯ ಭಾಗಕ್ಕೆ ನಾನು ಉತ್ತರಿಸುತ್ತೇನೆ. ವೃತ್ತಿಜೀವನದ ಬಹುಪಾಲು ಬಾಬೊಲಾಟ್ ಏರೋಪ್ರೋ ಡ್ರೈವ್ ಸರಣಿ: ತಲೆ 100 ಚದರ ಇಂಚು, 16 ಉದ್ದ ತಂತಿ, 19 ಅಡ್ಡ ತಂತಿ. ಹಿಡಿ ಸಣ್ಣದು, ಎರಡನೇ ಅಳತೆ, ಅಂದರೆ 4¼ ಇಂಚು. ಅಷ್ಟು ದೊಡ್ಡ ಕೈಗೆ ಇಷ್ಟು ಸಣ್ಣ ಹಿಡಿ ಯಾಕೆಂದರೆ ಮಣಿಕಟ್ಟು ಸಡಿಲವಾಗಿ ತಿರುಗಬೇಕು. ತಲೆಯ ತುದಿಯಲ್ಲಿ ಸೀಸದ ಪಟ್ಟಿ ಅಂಟಿಸಿ ಭಾರ ಹೆಚ್ಚಿಸುತ್ತಿದ್ದರು. ಇದರಿಂದ ಬೀಸುವಾಗ ತಲೆಗೆ ತೂಕ ಬರುತ್ತದೆ, ಚೆಂಡಿಗೆ ಬಡಿದಾಗ ರ‍್ಯಾಕೆಟ್ ಹಿಂದೆ ಸರಿಯುವುದಿಲ್ಲ.

ತಂತಿ 2010ರಿಂದ ಆರ್‌ಪಿಎಂ ಬ್ಲಾಸ್ಟ್, 1.35 ಮಿ.ಮೀ. ದಪ್ಪ, ಎಂಟು ಮೂಲೆಯ ಪಾಲಿಯೆಸ್ಟರ್. ಬಿಗಿ 55 ಪೌಂಡ್, ಸುಮಾರು 25 ಕೆ.ಜಿ. ಹವೆ ನೋಡಿ ಬಿಗಿ ಬದಲಿಸುವ ಆಟಗಾರರೇ ಹೆಚ್ಚು. ಇವರು ಅದೇ ಅಂಕಿಗೆ ಅಂಟಿಕೊಂಡಿದ್ದರು, ಹವೆಗೆ ತಕ್ಕಂತೆ ಆಟವನ್ನೇ ಹೊಂದಿಸುತ್ತಿದ್ದರು.

ಪಾಲಿಯೆಸ್ಟರ್ ಯಾಕೆ ಅಂದರೆ, ಚೆಂಡು ಬಡಿದಾಗ ಉದ್ದ ತಂತಿ ಪಕ್ಕಕ್ಕೆ ಜಾರಿ ತಟ್ಟನೆ ಜಾಗಕ್ಕೆ ಮರಳುತ್ತದೆ. ಆ ಮರಳುವಿಕೆಯೇ ಚೆಂಡನ್ನು ಇನ್ನಷ್ಟು ಸುತ್ತಿಸುತ್ತದೆ. ನೈಲಾನ್ ತಂತಿ ಜಾರಿದಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಪಾಯಿಂಟ್ ನಡುವೆ ಬೆರಳಿನಿಂದ ಸರಿಪಡಿಸಬೇಕಾಗುತ್ತದೆ.

ಮಕ್ಕಳಿಗೆ ಇದನ್ನು ಕೊಡಬೇಡಿ. ಇದನ್ನು ಒತ್ತಿ ಹೇಳಲೇಬೇಕು. ಪಾಲಿಯೆಸ್ಟರ್ ಗಡುಸು. ಬೀಸಿನ ವೇಗ ಇಲ್ಲದ ಕೈಯಲ್ಲಿ ತಂತಿ ಜಾರುವುದೇ ಇಲ್ಲ, ಆಘಾತವೆಲ್ಲ ಮೊಣಕೈಗೆ ಹೋಗುತ್ತದೆ. ಸಾಲದ್ದಕ್ಕೆ ಅದು ತುಂಡಾಗುವ ಮುಂಚೆಯೇ ಸತ್ತುಹೋಗುತ್ತದೆ: ಬಿಗಿ ಇಳಿದು, ಚೆಂಡು ಎಲ್ಲೆಲ್ಲೋ ಹೋಗಲು ಶುರುವಾಗುತ್ತದೆ. ತುಂಡಾಗಿಲ್ಲವಲ್ಲ ಅಂತ ತಿಂಗಳುಗಟ್ಟಲೆ ಅದರಲ್ಲೇ ಆಡಿಸುವುದು ನಮ್ಮಲ್ಲಿ ಸಾಮಾನ್ಯ, ಮೊಣಕೈ ನೋವು ಬರುವುದೂ ಅಲ್ಲಿಂದಲೇ. ಹದಿಮೂರು ಹದಿನಾಲ್ಕರವರೆಗೆ ನೈಲಾನ್ ಅಥವಾ ಮಲ್ಟಿಫಿಲಮೆಂಟ್ (ಹಲವು ಸಣ್ಣ ಎಳೆಗಳ ಮೆತ್ತನೆಯ ತಂತಿ), 48–52 ಪೌಂಡ್ ಸಾಕು.

ತಲೆಯ ಮೇಲೆ ರ‍್ಯಾಕೆಟ್ ಸುತ್ತಿಸಿ ಮುಗಿಸುವ ಅವರ ಫೋರ್‌ಹ್ಯಾಂಡ್ ಅನ್ನೂ ಹಾಗೇ ನಕಲು ಮಾಡಿಸುತ್ತಾರೆ. ಅದು ಫಲವೇ ಹೊರತು ಕಾರಣ ಅಲ್ಲ. ರ‍್ಯಾಕೆಟ್ ತಲೆ ಚೆಂಡಿನ ಕೆಳಗಿಂದ ಕಡಿದಾಗಿ ಮೇಲೆ ಬರುವಾಗ ಕೈಗೆ ಹೋಗಲು ಬೇರೆ ಜಾಗವಿಲ್ಲ, ಅದಕ್ಕೇ ತಲೆಯ ಮೇಲೆ ಹೋಗುತ್ತದೆ. ಸೊಂಟ ತಿರುಗಿಸದೆ ಬರೀ ಕೈಯಲ್ಲಿ ಇದನ್ನು ಮಾಡಿದರೆ ಚೆಂಡು ಸರ್ವಿಸ್ ಗೆರೆಯ (ನೆಟ್ ಮತ್ತು ಬೇಸ್‌ಲೈನ್ ನಡುವಿನ ಅಡ್ಡ ಗೆರೆ) ಒಳಗೇ ಬೀಳುತ್ತದೆ. ಎತ್ತರಕ್ಕೆ ಪುಟಿದರೂ ಮೋಟಾದ ಚೆಂಡು ಎದುರಾಳಿಗೆ ಹಬ್ಬ. ಕಲಿಸುವ ಸರಿಯಾದ ಕ್ರಮ ಸುಲಭ: ನೆಟ್‌ಗಿಂತ ಒಂದು ಮೀಟರ್ ಮೇಲೆ ಹಗ್ಗ ಕಟ್ಟಿ, ಹಗ್ಗದ ಮೇಲಿಂದ ಹೊಡೆಸಿ, ಸರ್ವಿಸ್ ಗೆರೆಯ ಆಚೆ ಬಿದ್ದದ್ದನ್ನು ಮಾತ್ರ ಎಣಿಸಿ. ಹತ್ತರಲ್ಲಿ ಏಳು ಬೀಳುವವರೆಗೆ ವೇಗ ಹೆಚ್ಚಿಸಬೇಡಿ.

ನಾಲ್ಕನೇ ಸೆಟ್

ಮೇಲಿನ ಎರಡೂ ಉತ್ತರ ಸರಿ. ಆದರೆ ನಾಲ್ಕು ಸೋಲುಗಳ ಪ್ರಶ್ನೆ ಹಾಗೇ ಉಳಿಯಿತು. ಸೋಲಿಸಿದ ಮೂವರಲ್ಲೂ ಕಣ್ಣಿಗೆ ಕಾಣುವ ಸಾಮ್ಯ: ಎಲ್ಲರೂ ಎರಡು ಕೈ ಬ್ಯಾಕ್‌ಹ್ಯಾಂಡ್, ಎಲ್ಲರೂ ಎತ್ತರ. ಜೊಕೊವಿಚ್ 1.88 ಮೀಟರ್, ಸೋಡರ್ಲಿಂಗ್ 1.93, ಜ್ವೆರೆವ್ 1.98. ಉಳಿದವರಿಗೆ ಭುಜದ ಮಟ್ಟಕ್ಕೆ ಬರುವ ಚೆಂಡು ಇವರಿಗೆ ಎದೆಮಟ್ಟ, ಎರಡನೇ ಕೈ ಅದನ್ನು ಕೆಳಕ್ಕೆ ಒತ್ತಿ ಹೊಡೆಯುತ್ತದೆ.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತಪ್ಪಾಗುತ್ತದೆ. ಇದೇ ಜೊಕೊವಿಚ್ ಇದೇ ಅಂಗಳದಲ್ಲಿ ನಡಾಲ್ ಎದುರು ಎಂಟು ಸಲ ಸೋತಿದ್ದಾರೆ. ಸೋಡರ್ಲಿಂಗ್ 2009ರ ಆ ಪಂದ್ಯಕ್ಕೆ ಕೆಲವೇ ವಾರ ಮೊದಲು ರೋಮ್‌ನಲ್ಲಿ 1–6, 0–6ರಿಂದ ಸೋತಿದ್ದರು. ಮರುವರ್ಷ ಪ್ಯಾರಿಸ್ ಫೈನಲ್‌ನಲ್ಲೂ ನೇರ ಸೆಟ್‌ಗಳಲ್ಲಿ ಸೋತರು. ಹಾಗಾಗಿ ಎರಡು ಕೈ, ಎತ್ತರ ಇವು ಪ್ರವೇಶಪತ್ರ ಮಾತ್ರ. ಅದರ ಜೊತೆಗೆ ನಡಾಲ್ ಚೆಂಡು ಮೋಟಾಗಬೇಕಿತ್ತು. ಅದು ಸರ್ವಿಸ್ ಗೆರೆಯ ಹತ್ತಿರ ಬಿದ್ದ ದಿನ ಎದುರಾಳಿ ಅಂಗಳದೊಳಗೆ ಹೆಜ್ಜೆಯಿಟ್ಟು ಏಳುವಾಗಲೇ ಹೊಡೆಯಬಹುದು. ನಡಾಲ್ ನಿಲ್ಲುತ್ತಿದ್ದುದು ಬೇಸ್‌ಲೈನ್‌ಗಿಂತ ಬಹಳ ಹಿಂದೆ, ಹಾಗಾಗಿ ಅವರಿಗೆ ಚೇತರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ.

ಚೆಂಡು ಮೋಟಾಗುವುದು ಕಾಲಿನಿಂದ. 2009ರಲ್ಲಿ ಮಂಡಿ ನೋವಿತ್ತು, ಆ ವರ್ಷ ವಿಂಬಲ್ಡನ್‌ಗೂ ಬರಲಿಲ್ಲ. 2015ರಲ್ಲಿ ವರ್ಷವಿಡೀ ಲಯ ತಪ್ಪಿತ್ತು, ಜೊಕೊವಿಚ್ 7–5, 6–3, 6–1ರಿಂದ ಮುಗಿಸಿದರು. 2024ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ, ಟೂರ್ನಿಯ ಸೀಡ್ ಇಲ್ಲದೆ ಬಂದು, ಮೊದಲ ಸುತ್ತಿನಲ್ಲೇ ಆಗಷ್ಟೇ ರೋಮ್ ಗೆದ್ದಿದ್ದ ಜ್ವೆರೆವ್‌ಗೆ ಸಿಕ್ಕರು. 2021ರ ಸೆಮಿಫೈನಲ್ ಮಾತ್ರ ಬೇರೆ ಜಾತಿಯದು. ಮೊದಲ ಸೆಟ್‌ನಲ್ಲಿ 5–0 ಮುಂದಿದ್ದರು. ಮೂರನೇ ಸೆಟ್‌ನಲ್ಲಿ 6–5 ಇದ್ದಾಗ ಸೆಟ್ ಪಾಯಿಂಟ್ ಸಿಕ್ಕಿತು, ಜೊಕೊವಿಚ್ ಡ್ರಾಪ್ ಶಾಟ್ (ನೆಟ್ ದಾಟಿ ಹತ್ತಿರದಲ್ಲೇ ಬೀಳುವ ಮೆಲ್ಲನೆಯ ಹೊಡೆತ) ಹಾಕಿ ಉಳಿಸಿಕೊಂಡರು. ಟೈಬ್ರೇಕರ್‌ನಲ್ಲಿ 3–4 ಇದ್ದಾಗ ನಡಾಲ್ ಸುಲಭದ ವಾಲಿಯನ್ನು (ಪುಟಿಯುವ ಮೊದಲೇ ಹೊಡೆಯುವ ಹೊಡೆತ) ಹೊರಗೆ ಹೊಡೆದರು. 3–6, 6–3, 7–6, 6–2. ಈ ನಾಲ್ಕರಲ್ಲಿ ಆಟದ ಮಟ್ಟದಿಂದಲೇ ನಿರ್ಧಾರವಾದದ್ದು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಅಲ್ಲಿ ನಡಾಲ್ ಅವರನ್ನು ಸೋಲಿಸಿದ ಗೆಲುವುಗಳಲ್ಲಿ ಅತ್ಯಂತ ದೊಡ್ಡದೂ ಅದೇ.

ಇನ್ನು ಹವೆ. ರೋಲ್ಯಾಂಡ್ ಗ್ಯಾರೋಸ್ ಅಂಗಳದ ಕೆಂಪು ಬಣ್ಣ ಬರೀ 1–2 ಮಿ.ಮೀ. ಇಟ್ಟಿಗೆ ಪುಡಿ. ಅದರ ಕೆಳಗೆ 6–7 ಸೆಂ.ಮೀ. ಪುಡಿ ಮಾಡಿದ ಬಿಳಿ ಸುಣ್ಣಕಲ್ಲು, ಅದರಡಿ ಕಲ್ಲಿದ್ದಲು ಉರಿದು ಉಳಿದ ಕಿಟ್ಟದ ಪದರ, ತಳದಲ್ಲಿ ಜಲ್ಲಿ. ಚೆಂಡು ಪುಟಿಯುವ ಗಟ್ಟಿತನ ಕೊಡುವುದು ಆ ಸುಣ್ಣಕಲ್ಲು. ಅದು ನೀರನ್ನು ಹಿಡಿದಿಟ್ಟುಕೊಂಡು ಮೇಲಿನ ಪುಡಿ ಹಾರಿಹೋಗದಂತೆ ನೋಡಿಕೊಳ್ಳುತ್ತದೆ. ಬಿಸಿಲಿದ್ದರೆ ಪುಟಿತ ಎತ್ತರ. ಮಳೆ, ಚಳಿ ಇದ್ದರೆ ಚೆಂಡಿನ ಉಣ್ಣೆ ತೇವ ಹೀರಿ, ಮಣ್ಣು ಮೆತ್ತಿ ಭಾರವಾಗುತ್ತದೆ, ಸುತ್ತಿದ್ದರೂ ಏಳುವುದಿಲ್ಲ. 2012ರ ಫೈನಲ್‌ನಲ್ಲಿ ಇದು ಕಣ್ಣೆದುರೇ ನಡೆಯಿತು. ನಡಾಲ್ ಎರಡು ಸೆಟ್ ಗೆದ್ದು ಮೂರನೆಯದರಲ್ಲಿ 2–0 ಮುಂದಿದ್ದರು. ಮಳೆ ಹನಿಯುತ್ತಿದ್ದಂತೆ ಜೊಕೊವಿಚ್ ಸತತ ಎಂಟು ಗೇಮ್ ಗೆದ್ದರು. ಆಟ ನಿಂತು, ಮರುದಿನ ಒಣಗಿದ ಅಂಗಳದಲ್ಲಿ ನಡಾಲ್ ನಾಲ್ಕನೇ ಸೆಟ್ 7–5ರಿಂದ ಮುಗಿಸಿದರು.

ಎತ್ತರದ ಊರಿನ ಲೆಕ್ಕವೂ ಇದೇ. ಮ್ಯಾಡ್ರಿಡ್ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ತೆಳು ಗಾಳಿಯಲ್ಲಿ ಸುತ್ತುವ ಚೆಂಡನ್ನು ಕೆಳಕ್ಕೆ ಒತ್ತುವ ಬಲ ಕಡಿಮೆ, ಚೆಂಡು ಬೇಗ ಬರುತ್ತದೆ. ಮಾಂಟೆ ಕಾರ್ಲೊದಲ್ಲಿ 11, ಬಾರ್ಸಿಲೋನಾದಲ್ಲಿ 12, ರೋಮ್‌ನಲ್ಲಿ 10 ಪ್ರಶಸ್ತಿ ಗೆದ್ದವರು ತಮ್ಮದೇ ದೇಶದ ಮ್ಯಾಡ್ರಿಡ್ ಆವೆಮಣ್ಣಿನಲ್ಲಿ ಗೆದ್ದದ್ದು 4.

ಕೆಂಪುಧೂಳು

ಬ್ರೇಕ್ ಪಾಯಿಂಟ್ ಲೆಕ್ಕ ಹೊಸದು, ಧನ್ಯವಾದ. ಒಂದು ಅನುಮಾನ ಉಳಿಯಿತು. ತೇವ, ಚಳಿ ಅವರಿಗೆ ಆಗದಿದ್ದರೆ 2020ರಲ್ಲಿ ಏನಾಯಿತು? ಆ ವರ್ಷ ಟೂರ್ನಿ ನಡೆದದ್ದು ಶರತ್ಕಾಲದಲ್ಲಿ. ಚಳಿ, ಹೊಸ ಕಂಪನಿಯ ಭಾರದ ಚೆಂಡು, ಫೈನಲ್ ದಿನ ಮೇಲ್ಛಾವಣಿ ಮುಚ್ಚಿತ್ತು. ಆದರೂ ಜೊಕೊವಿಚ್ ವಿರುದ್ಧ 6–0, 6–2, 7–5.

ನಾಲ್ಕನೇ ಸೆಟ್

ಸರಿಯಾದ ಆಕ್ಷೇಪ. 2020 ನನ್ನ ವಾದಕ್ಕೆ ಒಗ್ಗುವುದಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಇಡೀ ಟೂರ್ನಿಯಲ್ಲಿ ಒಂದು ಸೆಟ್ ಕೂಡ ಬಿಡಲಿಲ್ಲ (2008, 2010, 2017ರಲ್ಲೂ ಹಾಗೆಯೇ). ನಿಧಾನದ ಅಂಗಳದಲ್ಲಿ ಎದುರಾಳಿಗೂ ಒಂದೇ ಹೊಡೆತದಲ್ಲಿ ಪಾಯಿಂಟ್ ಮುಗಿಸಲಾಗುವುದಿಲ್ಲ, ರ‍್ಯಾಲಿ ಉದ್ದವಾಗುತ್ತದೆ. ಅಲ್ಲಿ ತಪ್ಪು ಕಡಿಮೆ ಮಾಡುವವರು ಗೆಲ್ಲುತ್ತಾರೆ. ಜೊಕೊವಿಚ್ ಆರಂಭದಿಂದಲೇ ಡ್ರಾಪ್ ಶಾಟ್ ಮೇಲೆ ಡ್ರಾಪ್ ಶಾಟ್ ಹಾಕಿದ್ದು, ಉದ್ದದ ರ‍್ಯಾಲಿ ಬೇಡ ಎಂದುಕೊಂಡು. ನಡಾಲ್ ಅವನ್ನೆಲ್ಲ ತಲುಪುತ್ತಿದ್ದರು.

ಹುಲ್ಲುಹಾಸು

ಚರ್ಚೆ ಪೂರ್ತಿ ಮಣ್ಣಿನಲ್ಲೇ ಉಳಿಯಿತು. 22 ಗ್ರ್ಯಾನ್‌ಸ್ಲಾಮ್‌ಗಳಲ್ಲಿ 8 ಬೇರೆ ಅಂಗಳದವು: ವಿಂಬಲ್ಡನ್ 2 (2008, 2010), ಅಮೆರಿಕ ಓಪನ್ 4 (2010, 2013, 2017, 2019), ಆಸ್ಟ್ರೇಲಿಯಾ ಓಪನ್ 2 (2009, 2022). ಫ್ರೆಂಚ್ ಓಪನ್ ತೆಗೆದುಹಾಕಿದರೂ ಬೋರಿಸ್ ಬೆಕರ್, ಸ್ಟೀಫನ್ ಎಡ್ಬರ್ಗ್ ಒಬ್ಬೊಬ್ಬರ ಗಳಿಕೆಗಿಂತ (ತಲಾ 6) ಎರಡು ಹೆಚ್ಚು. 2010ರಲ್ಲಿ ಮಣ್ಣು, ಹುಲ್ಲು, ಹಾರ್ಡ್‌ಕೋರ್ಟ್ ಮೂರರಲ್ಲೂ ಒಂದೇ ವರ್ಷ ಗ್ರ್ಯಾನ್‌ಸ್ಲಾಮ್ ಗೆದ್ದರು. ಅದಕ್ಕೆ ಮುಂಚೆ ಯಾವ ಪುರುಷ ಆಟಗಾರನೂ ಇದನ್ನು ಮಾಡಿರಲಿಲ್ಲ.

ಇದು ಮಣ್ಣಿನ ಆಟವನ್ನೇ ಹೊತ್ತುಕೊಂಡು ಹೋಗಿ ಗೆದ್ದದ್ದಲ್ಲ. 2010ರ ಅಮೆರಿಕ ಓಪನ್‌ಗೆ ಸರ್ವ್ ಹಿಡಿತ ಸ್ವಲ್ಪ ತಿರುಗಿಸಿ ಚಪ್ಪಟೆಯಾಗಿ ಹೊಡೆದರು, ವೇಗ ಗಂಟೆಗೆ 210 ಕಿ.ಮೀ. ದಾಟಿತು. 2013ರಲ್ಲಿ ಮಂಡಿ ಗಾಯದಿಂದ ಏಳು ತಿಂಗಳು ಹೊರಗಿದ್ದು ಬಂದು ಇಂಡಿಯನ್ ವೆಲ್ಸ್, ಮಾಂಟ್ರಿಯಲ್, ಸಿನ್ಸಿನಾಟಿ, ಅಮೆರಿಕ ಓಪನ್ ಗೆದ್ದರು, ಎಲ್ಲವೂ ಹಾರ್ಡ್‌ಕೋರ್ಟ್. 2016ರ ಕೊನೆಯಲ್ಲಿ ಕಾರ್ಲೋಸ್ ಮೋಯಾ ಕೋಚ್ ತಂಡಕ್ಕೆ ಬಂದ ಮೇಲೆ ಸರ್ವ್ ಮತ್ತು ಅದರ ಮುಂದಿನ ಹೊಡೆತದಲ್ಲೇ ಪಾಯಿಂಟ್ ಮುಗಿಸುವುದು ಹೆಚ್ಚಾಯಿತು. ಮಂಡಿ, ಪಾದ ಉಳಿಸಿಕೊಳ್ಳಲು ಬೇರೆ ದಾರಿಯೂ ಇರಲಿಲ್ಲ.

ಪಾದದ ವಿಷಯ ಇಲ್ಲಿ ಮುಖ್ಯ. 2005ರಲ್ಲೇ ಎಡ ಪಾದದ ನಡುವಿನ ಮೂಳೆಯಲ್ಲಿ ಮುಲ್ಲರ್–ವೈಸ್ ಎಂಬ ಅಪರೂಪದ ಸಮಸ್ಯೆ ಪತ್ತೆಯಾಗಿತ್ತು. ಆ ಮೂಳೆ ನಿಧಾನವಾಗಿ ಕುಸಿಯುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ. ವಿಶೇಷ ಒಳಪಟ್ಟಿ ಹಾಕಿದ ಶೂ ತೊಟ್ಟರು. ಪಾದದ ಭಾರ ಬೇರೆ ಕಡೆಗೆ ಹೋಯಿತು, ಮಂಡಿ ನೋವು ಬಂತು. 2022ರ ಫ್ರೆಂಚ್ ಓಪನ್ ಆಡಿದ್ದು ಪ್ರತಿ ಪಂದ್ಯಕ್ಕೂ ಮುನ್ನ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ತೆಗೆದುಕೊಂಡು. ಅದೇ ವರ್ಷ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಮೆಡ್ವೆಡೆವ್ ಎದುರು ಎರಡು ಸೆಟ್ ಹಿಂದಿದ್ದು, 5 ಗಂಟೆ 24 ನಿಮಿಷ ಆಡಿ ಗೆದ್ದಿದ್ದರು. ಹೀಗಿದ್ದ ಕಾಲಿನಲ್ಲಿ 2005ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಸತತ 912 ವಾರ ವಿಶ್ವ ಶ್ರೇಯಾಂಕದ ಮೊದಲ ಹತ್ತರೊಳಗೆ ಇದ್ದರು. ನನಗೆ 14ಕ್ಕಿಂತ ದೊಡ್ಡದಾಗಿ ಕಾಣುವ ಸಂಖ್ಯೆ ಇದು.

ಕೊರತೆಯನ್ನೂ ಹೇಳಬೇಕು. ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘ) ನಡೆಸುವ ವರ್ಷಾಂತ್ಯದ ಎಟಿಪಿ ಫೈನಲ್ಸ್ ಒಮ್ಮೆಯೂ ಗೆಲ್ಲಲಿಲ್ಲ (2010, 2013ರಲ್ಲಿ ಫೈನಲ್ ಸೋಲು). ಒಳಾಂಗಣದ ಹಾರ್ಡ್‌ಕೋರ್ಟ್‌ನಲ್ಲಿ ಚೆಂಡು ತಗ್ಗಾಗಿ ಜಾರುತ್ತದೆ, ಮೊದಲ ಉತ್ತರದಲ್ಲಿ ಹೇಳಿದ ಯಾವ ಅನುಕೂಲವೂ ಅಲ್ಲಿ ಪೂರ್ತಿ ಸಿಗುವುದಿಲ್ಲ. ಮಯಾಮಿಯಲ್ಲಿ ಐದು ಫೈನಲ್ ಆಡಿ ಐದೂ ಸೋತರು.

ಎಡಗೈ ಅಂಗಳ

ಪರಂಪರೆಯ ಬಗ್ಗೆ ಒಂದು ಮಾತು. 2024ರ ಫೆಬ್ರುವರಿಯಲ್ಲಿ ಒಂದು ಕೈ ಬ್ಯಾಕ್‌ಹ್ಯಾಂಡ್ ಆಡುವ ಗ್ರೀಸ್‌ನ ಸಿಟ್ಸಿಪಾಸ್ ಅಗ್ರ ಹತ್ತರಿಂದ ಹೊರಬಿದ್ದಾಗ, 1973ರಲ್ಲಿ ಎಟಿಪಿ ಶ್ರೇಯಾಂಕ ಆರಂಭವಾದ ಮೇಲೆ ಮೊದಲ ಬಾರಿಗೆ ಅಗ್ರ ಹತ್ತರಲ್ಲಿ ಒಂದು ಕೈ ಬ್ಯಾಕ್‌ಹ್ಯಾಂಡ್‌ನವರು ಯಾರೂ ಇರಲಿಲ್ಲ. ಪಾಲಿಯೆಸ್ಟರ್ ತಂತಿ, ನಿಧಾನವಾದ ಅಂಗಳ ಇವೂ ಕಾರಣ. ಆದರೆ ಇಪ್ಪತ್ತು ವರ್ಷ ಕೋಚ್‌ಗಳು ಮಕ್ಕಳಿಗೆ ಎರಡನೇ ಕೈ ಹಿಡಿಸಿದ್ದರಲ್ಲಿ ಆ ಎತ್ತರದ ಚೆಂಡಿನ ಭಯದ ಪಾಲು ದೊಡ್ಡದು. ಫೆಡರರ್ ಅದಕ್ಕೆ ಉತ್ತರ ಹುಡುಕಿದ್ದು 90 ಚದರ ಇಂಚಿನ ರ‍್ಯಾಕೆಟ್ ಬಿಟ್ಟು 97ಕ್ಕೆ ಹೋಗಿ, ಬ್ಯಾಕ್‌ಹ್ಯಾಂಡ್ ಅನ್ನು ಏಳುವಾಗಲೇ ಹೊಡೆಯಲು ಶುರು ಮಾಡಿದಾಗ. 2017ರಲ್ಲಿ ಮೆಲ್ಬರ್ನ್, ಇಂಡಿಯನ್ ವೆಲ್ಸ್, ಮಯಾಮಿ, ಶಾಂಘೈ ನಾಲ್ಕರಲ್ಲೂ ನಡಾಲ್ ಅವರನ್ನು ಸೋಲಿಸಿದರು. ಎಲ್ಲವೂ ಹಾರ್ಡ್‌ಕೋರ್ಟ್ ಎಂಬುದನ್ನು ಗಮನಿಸಿ. 2019ರಲ್ಲಿ ಅದೇ ಬ್ಯಾಕ್‌ಹ್ಯಾಂಡ್ ಹಿಡಿದು ಪ್ಯಾರಿಸ್‌ಗೆ ಬಂದಾಗ ನೇರ ಸೆಟ್‌ಗಳ ಸೋಲು.

ನಮ್ಮ ಪಕ್ಕದಲ್ಲೂ ಅವರ ಒಂದು ಗುರುತು ಇದೆ. ಅನಂತಪುರದಲ್ಲಿ ವಿಸೆಂಟ್ ಫೆರರ್ ಫೌಂಡೇಷನ್ ಜೊತೆ ನಡಾಲ್ ಪ್ರತಿಷ್ಠಾನ 2010ರಲ್ಲಿ ಟೆನಿಸ್ ಶಾಲೆ ತೆರೆಯಿತು. ಸುತ್ತಲಿನ ಹಳ್ಳಿಯ ಮಕ್ಕಳಿಗೆ ಟೆನಿಸ್ ಜೊತೆಗೆ ಇಂಗ್ಲಿಷ್, ಕಂಪ್ಯೂಟರ್ ಕಲಿಸುತ್ತಾರೆ. ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಇನ್ನೂರು ಕಿ.ಮೀ. ಆಸುಪಾಸು.

ಪಂದ್ಯಗಳು: ಮೊದಲು 2007ರ ಫೈನಲ್ ನೋಡಿ, ಬ್ರೇಕ್ ಪಾಯಿಂಟ್ ಬಂದಾಗಲೆಲ್ಲ ಸರ್ವ್ ಎಲ್ಲಿ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ 2009ರ ಸೋಡರ್ಲಿಂಗ್ ಪಂದ್ಯ, ಅದರಲ್ಲಿ ನಡಾಲ್ ಚೆಂಡು ಸರ್ವಿಸ್ ಗೆರೆಯಿಂದ ಎಷ್ಟು ದೂರ ಬೀಳುತ್ತಿದೆ ಎಂಬುದನ್ನಷ್ಟೇ ನೋಡಿ. ಮೂರನೆಯದು 2012ರ ಫೈನಲ್, ಮೂರನೇ ಸೆಟ್‌ನ ಎರಡನೇ ಗೇಮ್ ಆದ ಮೇಲಿಂದ. ಕೊನೆಗೆ 2021ರ ಸೆಮಿಫೈನಲ್‌ನ ಮೂರನೇ ಸೆಟ್. ಅದನ್ನು ಏನೂ ಬರೆದುಕೊಳ್ಳದೆ ಸುಮ್ಮನೆ ನೋಡಿ.